ಟೇಪಿನ ಇನ್ನೊಂದು ತುದಿ

ಬೆಳಕು ಹರಿಯುವ ಹೊತ್ತು. ಹಳ್ಳದ ದಂಡೆಯ ಹುಲ್ಲಿನಲ್ಲಿ ಮೊಣಕಾಲವರೆಗೆ ಒದ್ದೆಯಾಗಿ ನಿಂತಿದ್ದಾರೆ ಅಳತೆ ಅಕ್ಕ. ಅವರ ಕೈಯಲ್ಲಿ ಟೇಪಿನ ಒಂದು ತುದಿ. ಇನ್ನೊಂದು ತುದಿ ಪಕ್ಕದ ಹೊಲದ ಯಜಮಾನರ ಕೈಯಲ್ಲಿ. ಹೊಲದೊಡತಿ ಅಜ್ಜಿ ನಡುವೆ ನಿಂತು ಇಬ್ಬರನ್ನೂ ಕಾಯುತ್ತಿದ್ದಾರೆ. ಅಕ್ಕನ ಕೆಲಸ ನೋಡಲು ಜೊತೆಗೆ ಬಂದ ನಾನು ಬದುವಿನ ಮೇಲಿದ್ದೇನೆ.

ಹಳ್ಳದ ಪಕ್ಕ ಒಂದಿಷ್ಟು ಅಗಲ ಉಳದೆ, ಔಷಧಿ ಹೊಡೆಯದೆ ಹುಲ್ಲಿಗೆ ಬಿಟ್ಟರೆ ರೈತರಿಗೆ ವರ್ಷಕ್ಕೊಮ್ಮೆ ಸರ್ಕಾರದ ಹಣ. ನೀರು ತಿಳಿಯಾಗಿರುತ್ತದೆ, ಜೇನು ಉಳಿಯುತ್ತದೆ. ಆದರೆ ಬಿಟ್ಟಿದ್ದಾರೋ ಇಲ್ಲವೋ ಎಂದು ಯಾರಾದರೂ ಹೋಗಿ ನೋಡಬೇಕಲ್ಲ? ಹದಿಮೂರು ವರ್ಷದಿಂದ ನೋಡುತ್ತಿರುವವರು ಈ ಅಕ್ಕ, ದಿನಗೂಲಿಯ ಮೇಲೆ. ಮಗಳು ಏಳುವ ಮೊದಲೇ ಮನೆ ಬಿಡುತ್ತಾರೆ. ಅವಳ ಜಡೆ ಹೆಣೆಯುವುದು ಗಂಡನ ಪಾಲಿನ ಕೆಲಸ.

ಸಣ್ಣ ಹೊಲಕ್ಕೆ ಸಿಗುವ ಹಣಕ್ಕಿಂತ ಅದನ್ನು ನೋಡಿಬರುವ ಜೀಪು, ಭತ್ಯೆ, ಕಾಗದದ ಖರ್ಚೇ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಸಣ್ಣವರನ್ನು ಯೋಜನೆಯಿಂದಲೇ ಕೈಬಿಡಲು ಕಚೇರಿ ಹೊರಟಿತ್ತು.

"ಆ ಖರ್ಚಲ್ಲಿ ನಾನೂ ಒಬ್ಳು. ಅದಕ್ಕೇ ನಿದ್ದೆ ಬರ್ಲಿಲ್ಲ," ಎನ್ನುತ್ತಾರೆ ಅಕ್ಕ.

ಅರ್ಜಿ ಬಂದ ಸರದಿಯಲ್ಲೇ ಹೊಲ ನೋಡಬೇಕೆಂಬುದು ನಿಯಮ. ಅದರಿಂದ ಒಂದೇ ಹಳ್ಳಕ್ಕೆ ಏಳೆಂಟು ಸಲ ಓಡಾಟ. ಅಕ್ಕ ಸಾಹೇಬರ ಬೆನ್ನು ಬಿದ್ದು ಒಂದು ವರ್ಷದ ಪ್ರಯೋಗಕ್ಕೆ ಒಪ್ಪಿಸಿದರು: ಹಳ್ಳದುದ್ದದ ಹೊಲಗಳನ್ನೆಲ್ಲ ಒಂದೇ ಬೆಳಿಗ್ಗೆ ಅಳೆಯುವುದು, ಸಹಾಯಕರ ಬದಲು ನೆರೆಯವರೇ ಟೇಪು ಹಿಡಿಯುವುದು. ಕಳ್ಳನ ಕೈಗೇ ಕೀಲಿಕೈ ಕೊಡ್ತೀರಲ್ಲಮ್ಮ ಎಂದು ಸಾಹೇಬರು ನಕ್ಕಿದ್ದರಂತೆ. ಅವರ ಷರತ್ತು ಇಷ್ಟು: ಒಂದೇ ಒಂದು ಅಳತೆ ಸುಳ್ಳೆಂದು ಸಿಕ್ಕರೂ ಪ್ರಯೋಗ ಬಂದ್, ಸಣ್ಣವರೆಲ್ಲ ಹೊರಗೆ.

ಇವತ್ತು ಟೇಪು ನಡುವೆ ಜೋತುಬಿದ್ದಿದೆ. ಜೋತರೆ ಅಗಲ ಹೆಚ್ಚು ತೋರುತ್ತದೆ. ಅಜ್ಜಿಯ ಹೊಲ ಉತ್ತ ಟ್ರ್ಯಾಕ್ಟರ್ ಹುಲ್ಲಿನೊಳಗೆ ಒಂದು ಸಾಲು ನುಗ್ಗಿದ್ದನ್ನು ಕಂಡು, ಪಾಪ ಮುದುಕಿ ಎಂದು ಪಕ್ಕದ ಹೊಲದ ಯಜಮಾನರು ಸಡಿಲ ಬಿಟ್ಟಿದ್ದಾರೆ.

"ಬಿಗಿ ಹಿಡೀರಿ ಮಾವ," ಎನ್ನುತ್ತಾರೆ ಅಕ್ಕ ಯಜಮಾನರಿಗೆ, ಮೆಲ್ಲಗೆ.

ಒಂದು ಗೇಣು ಕಡಿಮೆ. ಅಕ್ಕ ಹಾಗೆಯೇ ಬರೆಯುತ್ತಾರೆ. ಅಜ್ಜಿಯ ಈ ವರ್ಷದ ಹಣ ಹೋಯಿತು. "ನನ್ನ ಮನೇಲಿ ಚಹಾ ಕುಡಿದು ನನಗೇ ಹೀಗ್ ಮಾಡ್ದೆ," ಎಂದು ಅಜ್ಜಿ ಮುಖ ತಿರುಗಿಸುತ್ತಾರೆ. ಅಕ್ಕನ ಕಣ್ಣು ತೇವವಾಗುತ್ತದೆ.

ಮುಂದಿನದು ಮಾವನ ಹೊಲ. ಟೇಪು ಹಿಡಿಯುವ ಸರದಿ ಅಜ್ಜಿಯದು. ತೋಳು ಮಡಚಿ, ಹಿಮ್ಮಡಿಯನ್ನು ನೆಲಕ್ಕೂರಿ, ಟೇಪು ಹರಿದೇ ಹೋಗುವಂತೆ ಎಳೆಯುತ್ತಾರೆ. ಮಾವನ ಬೆವರಿಳಿದ ಮೇಲೆ ಅಳತೆ ಸರಿಯಾಗಿಯೇ ಬರುತ್ತದೆ.

ಅಕ್ಕ ನನ್ನತ್ತ ತಿರುಗಿ ಈ ಬೆಳಿಗ್ಗೆ ಮೊದಲ ಸಲ ನಗುತ್ತಾರೆ. "ನೋಡಿದ್ರಾ? ಎಷ್ಟು ಸಂಬಳ ಕೊಟ್ರೂ ನಮ್ಮ ಆಫೀಸಿಗೆ ಇಂಥ ಇನ್ಸ್‌ಪೆಕ್ಟರು ಸಿಗಲ್ಲ."