ವಿಳಾಸ ಬದಲಿಸದ ರಂಗಣ್ಣ ಮಾಸ್ಟರು

ಮನೆ ಎಲ್ಲಿ ಎಂದು ಯಾರು ಕೇಳಿದರೂ ರಂಗಣ್ಣ ಮಾಸ್ಟರು ಕೈಯ ಕತ್ತರಿ ನಿಲ್ಲಿಸದೆ, ತಲೆ ಎತ್ತದೆ, "ಪೋತ್ತನೂರು" ಅನ್ನುತ್ತಿದ್ದರು. ಇದ್ದದ್ದು ತಿರುಪ್ಪೂರಿನಲ್ಲಿ, ಇಡೀ ಸಾಲಿಗೆ ಒಂದೇ ನಲ್ಲಿಯಿರುವ ಬಾಡಿಗೆ ಮನೆಯಲ್ಲಿ. ನನ್ನ ಮದುವೆಗೂ ಮುಂಚಿನಿಂದ ಈ ಊರಿನಲ್ಲೇ ಸಾಲಿನಿಂದ ಸಾಲಿಗೆ ಮನೆ ಬದಲಿಸುತ್ತಿದ್ದರು. ಆದರೂ ಮನೆ ಪೋತ್ತನೂರು.

ಬನಿಯನ್ ಕಂಪನಿಯ ಕಟಿಂಗ್ ಮೇಜಿನಲ್ಲಿ ನನಗೆ ಕೆಲಸ ಕಲಿಸಿದವರು ಅವರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಇವತ್ತು ನನ್ನದೇ ಮೇಜಿದೆ, ಯಾರ ಹಂಗಿನಲ್ಲೂ ಇಲ್ಲ. ಕತ್ತರಿಯ ಹಿಡಿಯಿಂದ ನನ್ನ ಬೆರಳ ಗೆಣ್ಣಿಗೆ ಅವರು ಕೊಟ್ಟ ಏಟುಗಳಿಗೂ ಅದರಲ್ಲಿ ಪಾಲಿದೆ. ಕಣ್ಣಲ್ಲಿ ನೀರು ಬಂದರೆ, "ಆ ಕಡೆ ತಿರುಗಿ ಅಳು ಡಾ, ಬಿಳೀ ಬಟ್ಟೆ, ಕಲೆ ಆಗ್ತದೆ" ಅನ್ನುತ್ತಿದ್ದರು. ಇನ್ನೊಂದು ಮಾತು ಎಲ್ಲದಕ್ಕೂ ಆಗಿಬರುತ್ತಿತ್ತು, ನನ್ನ ಮದುವೆಯಲ್ಲಿ ಆಶೀರ್ವಾದ ಮಾಡುವಾಗಲೂ ಅದನ್ನೇ ಹೇಳಿದರು: "ಕತ್ರಿಸಿದ್ ಬಟ್ಟೆ ತಿರುಗ ರೋಲಾಗಲ್ಲ."

ಪೋತ್ತನೂರಿನದು ಅವರಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ಕಟ್ಟಿಸಿದ ಮನೆ. ಅಪ್ಪ ಹೋದ ಮೇಲೆ ತಮ್ಮ ಮಾರಪ್ಪ ಅದರಲ್ಲಿ ಗಟ್ಟಿಯಾಗಿ ಕೂತ. ಜಗಳವಾಡಿ ಹೊರಬಿದ್ದ ಮಾಸ್ಟರು ಕೋರ್ಟಿಗೆ ಹೋಗಲಿಲ್ಲ. ನಮ್ಮ ಕಡೆ ಬಹಳ ಜನಕ್ಕೆ ಒಂದು ನಂಬಿಕೆ ಇದೆ. ಮನೆಯ ಪತ್ರ ಯಾರ ಹೆಸರಿನಲ್ಲಾದರೂ ಇರಲಿ, ಆಧಾರ್ ಕಾರ್ಡಿನಲ್ಲಿ ಆ ಬಾಗಿಲ ನಂಬರಿರುವವನ ಪಾಲು ಎಲ್ಲಿಗೂ ಹೋಗುವುದಿಲ್ಲ ಎಂದು. ಮಾಸ್ಟರು ಆ ನಂಬಿಕೆಯನ್ನೇ ಕಟ್ಟಿಕೊಂಡು ಬದುಕಿದರು. ಆಧಾರ್, ಬ್ಯಾಂಕು, ಓಟು, ಕಡೆಗೆ ಗ್ಯಾಸು, ಎಲ್ಲಕ್ಕೂ ಪೋತ್ತನೂರಿನ ವಿಳಾಸ.

ಗ್ಯಾಸಿನ ಕತೆ ಕೇಳಿದರೆ ಮೇಜಿನ ಸುತ್ತ ಎಲ್ಲರೂ ನಗುತ್ತಿದ್ದರು. ಮಾಸ್ಟರು ತಮ್ಮ ಫೋನಿನಿಂದ ಸಿಲಿಂಡರು ಬುಕ್ ಮಾಡುವರು. ಅದು ಪೋತ್ತನೂರಿನ ಬಾಗಿಲಿಗೆ ಹೋಗುವುದು. ಮಾರಪ್ಪ ನಾಚಿಕೆಯಿಲ್ಲದೆ ಇಳಿಸಿಕೊಳ್ಳುವನು. ಇಲ್ಲಿ ಅವರ ಹೆಂಡತಿ ಸರಸಕ್ಕ ಹಳೇ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಸೀಳಿ ಒಲೆ ಊದುತ್ತಾ ಕೆಮ್ಮುತ್ತಿದ್ದರು. "ಏನ್ ಮಾಸ್ಟ್ರೇ ಇದು?" ಅಂದರೆ, "ಅನ್ನ ಅವನ್ದಾದ್ರೂ ಒಲೆ ನಂದು ಡಾ. ಅಲ್ಲಿ ನನ್ ಹೆಸರಲ್ಲಿ ಉರೀತದೆ" ಎಂದು ಮೀಸೆ ತಿರುವುತ್ತಿದ್ದರು. ಒಳಗಿನಿಂದ ಸರಸಕ್ಕ, "ಇಲ್ಲಿ ನಾನ್ ಉರೀತಿದೀನಿ, ಅದು ಯಾರ ಹೆಸರಲ್ಲಿ?" ಎಂದು ಕೂಗುತ್ತಿದ್ದರು.

ಕಡೆಯ ಸಲ ಮನೆ ಬದಲಿಸಿದಾಗ ಸಾಮಾನು ಸಾಗಿಸಿದವನು ನಾನೇ. ಹೊಸ ಓನರು ಕಾರ್ಡು ನೋಡಿ, "ಊರೇ ಬೇರೆ ಇದೆಯಲ್ಲ" ಎಂದು ಮುಖ ಗಂಟಿಕ್ಕಿದ. ಮನೆ ಬದಲಿಸಿದಾಗೆಲ್ಲ ನಾನು ಅರ್ಧ ದಿನದ ಕೆಲಸ ಬಿಟ್ಟು, ಕ್ಯೂ ನಿಂತು, ಯಾರ ಕೈಯಲ್ಲೂ ಬರೆಸದೆ ವಿಳಾಸ ತಿದ್ದಿಸಿಕೊಂಡವನು. "ನಾನೇ ಗಾಡೀಲಿ ಕೂರಿಸ್ಕೊಂಡು ಹೋಗ್ತೀನಿ, ಬನ್ನಿ ಮಾಸ್ಟ್ರೇ" ಅಂದೆ.

ಅವರ ಮುಖ ಕಪ್ಪಾಯಿತು. "ನಮ್ಮಪ್ಪನ ಬಾಗ್ಲಿಂದ ನನ್ ಹೆಸರನ್ನ ನನ್ ಕೈಲೇ ಕತ್ರಿಸು ಅಂತೀಯಾ? ನಿಂಗೆ ಕತ್ತರಿ ಹಿಡಿಯಕ್ ಕಲಿಸಿದ್ದು ಇದಕ್ಕಾ?"

ನಾನು ಗಾಡಿಯಿಂದ ಉಳಿದ ಸಾಮಾನು ಇಳಿಸಿದೆ.

ಒಮ್ಮೆ ಪೊಂಗಲ್ಲಿಗೆ ನನ್ನನ್ನೂ ಪೋತ್ತನೂರಿಗೆ ಕರೆದುಕೊಂಡು ಹೋದರು. ಒಗೆದು ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕಾರ್ಡು. ಮಾರಪ್ಪ ಬಾಗಿಲಿಗೆ ಅಡ್ಡ ನಿಂತು ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟ. ನಮಗೆ ಕುಡಿಯುವ ನೀರು ಜಗಲಿಗೇ ಬಂತು.

"ನನ್ ಮನೆಗ್ ನಾನ್ ಬರಕ್ಕೆ ನಿನ್ನ ಕೇಳ್ಬೇಕೇನ್ಡಾ?" ಎಂದು ಮಾಸ್ಟರು ಕಾರ್ಡು ತೆಗೆದು ತೋರಿಸಿದರು.

ಮಾರಪ್ಪ ಅದನ್ನು ಓದಿ ನಕ್ಕ. "ಸರಿಯಾಗೇ ಅದೆ ಅಣ್ಣಾ. ಅಡ್ರೆಸ್ಸು ನೀನು ಇಟ್ಕೋ. ಮನೆ ನಾನು ಇಟ್ಕೋತೀನಿ."

ಬಸ್ಸಿನಲ್ಲಿ ತಿರುಪ್ಪೂರು ಬರುವವರೆಗೂ ಮಾಸ್ಟರು ಕಾರ್ಡನ್ನು ಕೈಯಲ್ಲೇ ಹಿಡಿದಿದ್ದರು. ಇಳಿಯುವಾಗ, "ನೋಡಿದ್ಯಾ, ಸರಿಯಾಗದೆ ಅಂತ ಅವನ್ ಬಾಯಲ್ಲೇ ಬಂತು" ಅಂದರು. ಅವರಿಗೆ ಅದೊಂದೇ ಕೇಳಿಸಿತ್ತು.

ಹೋದ ವರ್ಷ, ಸಂಜೆ ಕೆಲಸ ಮುಗಿಸಿ ಬರುವಾಗ ಬಸ್ ಸ್ಟಾಂಡಿನ ಎದುರು ಎದೆ ಹಿಡಿದುಕೊಂಡು ಬಿದ್ದರು. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಿತ್ತು. ಫೋನಿಗೆ ಲಾಕು. ಜೇಬಿನಲ್ಲಿ ಕಾರ್ಡು. ನಮ್ಮ ಮನೆಗಳು ಅಲ್ಲಿಂದ ಕೂಗಳತೆಯ ದೂರ, ಆದರೆ ಕಾರ್ಡು ಹೇಳಿದ್ದು ಪೋತ್ತನೂರು. ಪೊಲೀಸರು ಅಲ್ಲಿಗೆ ಸುದ್ದಿ ಮುಟ್ಟಿಸಿದರು. ಮಾರಪ್ಪ ಬಂದು, ಸೈನು ಹಾಕಿ, ಹೆಣ ತೆಗೆದುಕೊಂಡು ಹೋದ. ಸರಸಕ್ಕನೂ ನಾನೂ ಕಂಪನಿ, ಟೀ ಅಂಗಡಿ ಎಂದು ಹುಡುಕುತ್ತಾ ಇದ್ದೆವು. ಬೆಳಿಗ್ಗೆ ಮಾರಪ್ಪನ ಫೋನು ಬಂತು.

"ನಿಮ್ ಮಾಸ್ಟ್ರು ಅಡ್ರೆಸ್ಸಿಗೆ ಬಂದು ಸೇರವ್ರೆ. ಅತ್ತಿಗೇನ ಕರ್ಕೊಂಡ್ ಬಾ."

ನಾವು ಹೋದಾಗ ಬೀದಿಯಲ್ಲಿ ಶಾಮಿಯಾನ ಹಾಕಿ, ಬೆಂಚಿನ ಮೇಲೆ ಮಲಗಿಸಿದ್ದರು. ಬಾಗಿಲಿಗೆ ಒಂದು ಮಾರು ದೂರ. ಸರಸಕ್ಕ ಅಳಲಿಲ್ಲ. ನೇರ ಮೈದುನನ ಮುಂದೆ ಹೋಗಿ ಕೈ ಮುಗಿದರು. "ಒಂದು ಗಳಿಗೆ ಒಳಗೆ ಮಲಗಿಸು ಸಾಮಿ. ಅವ್ರಪ್ಪನ ಮನೆ. ಅದಕ್ಕೇ ಕಾದವ್ರೆ."

"ಹೊರಗೆ ಸತ್ತ ಹೆಣ ಹೊಸ್ತಿಲು ದಾಟ್ಬಾರ್ದು ಅತ್ತಿಗೆ. ನಾನ್ ಮಾಡಿದ್ದಾ ಇದು? ಹಿರಿಯರು ಮಾಡಿದ್ದು" ಅಂದ ಮಾರಪ್ಪ.

ಕೂತಿದ್ದ ಮುದುಕರು ಹೌದು ಹೌದು ಎಂದು ತಲೆಯಾಡಿಸಿದರು. ಅದು ನಿಜವೇ. ನಮ್ಮಲ್ಲಿ ಅದೇ ಪದ್ಧತಿ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎನ್ನುವುದೂ ನಮ್ಮ ಪದ್ಧತಿಯೇ. ಆದರೆ ಹೆಣ ಬೀದಿಯಲ್ಲಿತ್ತು, ಅವರ ಲೆಕ್ಕಕ್ಕೆ ಅದು ಸಾವಿನ ಮನೆಯಲ್ಲ. ಒಳಗೆ ಗ್ಯಾಸು ಹಚ್ಚಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮಾರಪ್ಪನ ಹೆಂಡತಿ ತಟ್ಟೆಯಲ್ಲಿ ಕಾಫಿ ಲೋಟಗಳನ್ನಿಟ್ಟುಕೊಂಡು ಹೊರಗೆ ಬಂದಳು. ನಾನು ಬೇಡವೆಂದೆ. ಸರಸಕ್ಕ ಬೆಂಚಿನ ಪಕ್ಕದಲ್ಲಿ ನೆಲದ ಮೇಲೆ ಕೂತು, ಒಂದು ಲೋಟ ತೆಗೆದುಕೊಂಡು, ನಿಧಾನವಾಗಿ ಕಡೆಯ ಗುಟುಕಿನವರೆಗೂ ಕುಡಿದರು. ಆಮೇಲೆ ಬೆಂಚಿನ ಕಡೆ ತಿರುಗಿ ಮಾಸ್ಟರಿಗೇ ಹೇಳುವ ಹಾಗೆ ಹೇಳಿದರು:

"ಒಂಚೂರೂ ಹೊಗೆ ವಾಸನೆ ಇಲ್ಲ."