ಜ್ವರಕ್ಕೆ ಹೆಸರಿಡುವ ಮುನ್ನ

ವೈದ್ಯನ ಯೋಗ್ಯತೆಯನ್ನು ವಿದ್ಯೆ, ವಿವೇಕ, ಕರುಣೆ ಈ ಮೂರರಿಂದ ಅಳೆಯಬೇಕೆಂಬ ವಿಷಯದಲ್ಲಿ ಲೋಕಕ್ಕೆ ಭಿನ್ನಾಭಿಪ್ರಾಯವಿಲ್ಲ. ನಮ್ಮ ದೊಡ್ಡ ಡಾಕ್ಟರು ಮಾತ್ರ ಅವನು ಸೋಪನ್ನು ಮೊಣಕೈವರೆಗೆ ಹಚ್ಚುತ್ತಾನೋ ಮಣಿಕಟ್ಟಿಗೇ ನಿಲ್ಲಿಸುತ್ತಾನೋ ಎಂದು ನೋಡಿ ತೀರ್ಮಾನ ಮಾಡಿಬಿಡುತ್ತಿದ್ದರು.

ಮೊನ್ನೆ ಕುಣಿಗಲ್ಲಿನ ಒಂದು ಹೋಟೆಲಿನಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋದೆ. ನಲ್ಲಿಯ ಪಕ್ಕ ಕೆಂಪು ಕಾರ್ಬಾಲಿಕ್ ಸೋಪಿನ ಚೂರೊಂದು ನೆನೆದು ಮೆತ್ತಗಾಗಿ ಕೂತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಮೊಣಕೈವರೆಗೆ ಹೋಯಿತು. ಹಿಂದೆ ಕಾಯುತ್ತಿದ್ದವರು, "ಯಜಮಾನ್ರೇ, ಸ್ನಾನ ಮನೇಲಿ ಮಾಡ್ಕೋಬೋದಲ್ವಾ?" ಅಂದರು. ನ್ಯಾಯವಾದ ಮಾತೇ...

ಎಪ್ಪತ್ತರ ದಶಕದ ಕೊನೆ. ಎಂ.ಡಿ. ಮುಗಿಸಿ ತುಮಕೂರಿಗೆ ಬಂದಿದ್ದೆ. ಆಗ ಹೃದಯಕ್ಕೆ ಸ್ಪೆಷಲಿಸ್ಟರಿದ್ದರು, ಕಣ್ಣಿಗೂ ಇದ್ದರು. ಊರಿಗೆಲ್ಲ ಬರುವ ಜ್ವರಕ್ಕೆ ಮಾತ್ರ ಯಾರೂ ಇರಲಿಲ್ಲ. ಸೋಂಕು ರೋಗಗಳ ವಿಶೇಷ ತರಬೇತಿಯನ್ನು ದೊಡ್ಡ ಡಾಕ್ಟರು ಹೊರದೇಶದಲ್ಲಿ ಪಡೆದು ಬಂದು, ಊರಾಚೆಯ ಶೀಟು ಹೊದಿಸಿದ ಜ್ವರದ ವಾರ್ಡಿನಲ್ಲಿ ವರ್ಷಕ್ಕೆ ಇಬ್ಬರಿಗೆ ಕಲಿಸುತ್ತಿದ್ದರು. ಆ ವರ್ಷದ ಇಬ್ಬರಲ್ಲಿ ನಾನೊಬ್ಬ. ಕೊನೆಗೆ 'ಇವರಿಗೆ ಜ್ವರ ನೋಡಲು ಬರುತ್ತದೆ' ಎಂದು ಒಂದೇ ಸಾಲಿನ ಪತ್ರ ಬರೆದುಕೊಡುತ್ತಿದ್ದರು. ಸರ್ಕಾರದಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ. ನಮಗೋ ಅದು ಸಿಗದಿದ್ದರೆ ಜನ್ಮ ವ್ಯರ್ಥ.

ಅವರದೊಂದು ಕಟ್ಟಳೆ: ಮೂರು ವಾರ ದಾಟಿದ ಜ್ವರಕ್ಕೆ ಹೆಸರಿಡುವ ಮುನ್ನ, ಕಲಿಯುವವನು ಬಸ್ಸು ಹತ್ತಿ ರೋಗಿಯ ಮನೆಗೆ ಹೋಗಿ ಬರಬೇಕು. ನೀರು, ಒಲೆ, ಹಿತ್ತಲು ಎಲ್ಲ ನೋಡಬೇಕು. ಊರ್ಡಿಗೆರೆ, ಹಾಗಲವಾಡಿ... ನಾನು ನೋಡಿದಷ್ಟು ಹಿತ್ತಲುಗಳನ್ನು ರೆವಿನ್ಯೂ ಇನ್ಸ್‌ಪೆಕ್ಟರೂ ನೋಡಿರಲಾರರು. ಎಂ.ಡಿ. ಆದವನಿಗೆ ಇದು ಘೋರ ಅವಮಾನ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಹೀಗಿರುವಾಗ ಗುಬ್ಬಿಯಿಂದ ಒಬ್ಬ ಟೈಲರ್ ಸಾಬರು ಬಂದು ದಾಖಲಾದರು. ಒಂದೂವರೆ ತಿಂಗಳ ಜ್ವರ, ಬಟ್ಟೆ ಹಿಂಡುವಷ್ಟು ಬೆವರು, ಕೂರಲೂ ಬಿಡದ ಬೆನ್ನುನೋವು. ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಒಂದೆಡೆ ಸವೆದಿತ್ತು. ನನಗೆ ಸಂದೇಹವೇ ಉಳಿಯಲಿಲ್ಲ: ಮೂಳೆಯ ಕ್ಷಯ. ಒಂದೂವರೆ ವರ್ಷ ಔಷಧಿ. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸುವುದು. ಸೋಮವಾರ ಪ್ಲಾಸ್ಟರ್ ಎಂದು ಮೂಳೆ ಡಾಕ್ಟರಿಗೂ ಹೇಳಿಟ್ಟೆ.

"ನಾನ್ ಮಲಗ್ಬುಟ್ರೆ ಮಿಷನ್ ಯಾರು ತುಳೀತಾರೆ ಡಾಕ್ಟ್ರೇ?" ಅಂದರು ಟೈಲರ್. "ಇರೋದು ಒಂದೇ ಮಿಷನ್ನು, ಉಣ್ಣೋರು ಆರು ಜನ."

ನಾನು ಧೈರ್ಯ ಹೇಳಿದೆ. ಧೈರ್ಯ ಹೇಳಬೇಕೆಂದು ಪುಸ್ತಕದಲ್ಲಿತ್ತು.

ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. "ಮನೆ ನೋಡಿದ್ಯೇನಯ್ಯಾ?"

"ಅಗತ್ಯ ಬೀಳ್ಲಿಲ್ಲ ಸಾರ್. ದನ, ಕುರಿ, ಆಡು ಏನಾದ್ರೂ ಸಾಕಿದೀರಾ ಅಂತ ಕೇಳ್ದೆ, ಇಲ್ಲ ಅಂದ್ರು. ಹಸಿ ಹಾಲೂ ಕುಡಿಯಲ್ವಂತೆ. ಇದು ಖಂಡಿತ ಕ್ಷಯಾನೇ."

"ಖಂಡಿತ ಅನ್ನೋಕೆ ನೀನೇನು ಡಾಕ್ಟ್ರೋ, ಜ್ಯೋತಿಷಿನೋ? ಗುಬ್ಬಿ ಬಸ್ಸು ಹತ್ತೂವರೆಗಿದೆ, ಹೊರಡು."

ಟೈಲರ ಮನೆ ಬಾಗಿಲಲ್ಲಿ ನನ್ನನ್ನು ಎದುರುಗೊಂಡದ್ದು ಒಂದು ಕಪ್ಪು ಆಡು. ಹಜಾರದ ಮೂಲೆಯಲ್ಲಿ ಇನ್ನೊಂದು ನಿಶ್ಚಿಂತೆಯಿಂದ ಸೊಪ್ಪು ಮೆಲ್ಲುತ್ತಿತ್ತು. ಒಳಗಿನಿಂದ ಟೈಲರ ಅತ್ತೆ ಬಂದರು, ಚುರುಕಿನ ಮುದುಕಿ.

"ಈ ಆಡು ಯಾರದಮ್ಮಾ?"

"ನಂದು ಕಣಪ್ಪಾ. ಅಳಿಯಂದಲ್ಲ!" ಅಂದರು, ನಾನೇನೋ ಜಪ್ತಿಗೆ ಬಂದವನೆಂಬಂತೆ.

"ಮರಿ ಇಲ್ವಾ?"

"ಎಲ್ಲಿ ಮರಿ? ಎರಡೂ ದಿನ ತುಂಬೋಕ್ ಮುಂಚೇನೇ ಸತ್ತ ಮರಿ ಹಾಕುದ್ವು. ಒಂದಂತೂ ಒಳಗೇ ಸಿಗಾಕ್ಕೊಂಡಿತ್ತು. ನಮ್ಮ ಅಳೀನೇ ಕೈ ಹಾಕಿ ಎಳೆದ. ಟೈಲರ್ ಅಲ್ವಾ, ಕೈ ನಯ."

"ಯಾವಾಗಮ್ಮಾ ಇದು?"

"ಅವನಿಗೆ ಜ್ವರ ಹಿಡಿಯೋಕೆ ಒಂದು ತಿಂಗ್ಳು ಮುಂಚೆ."

ನಾನು ಅಲ್ಲೇ ನೀರು ಕೇಳಿ ಕೈ ತೊಳೆದೆ. ಏನನ್ನೂ ಮುಟ್ಟಿರಲಿಲ್ಲ.

ಆಡುಗಳಿಗೆ ಗರ್ಭಪಾತ ಮಾಡಿಸುವ ಸೋಂಕೊಂದಿದೆ, ಬ್ರುಸೆಲ್ಲಾ ಎಂದು. ಹಸಿ ಹಾಲಿನಿಂದಲೋ ಸತ್ತ ಮರಿ ಮುಟ್ಟಿದ ಕೈಯಿಂದಲೋ ಮನುಷ್ಯನಿಗೆ ಹತ್ತಿದರೆ ಬಿಡದ ಜ್ವರ ತರುತ್ತದೆ, ಬೆನ್ನುಮೂಳೆಗೆ ಇಳಿದರೆ ಎಕ್ಸ್‌ರೇಯಲ್ಲಿ ಕ್ಷಯದ ಒಡಹುಟ್ಟಿದ ತಮ್ಮನಂತೆ ಕಾಣುತ್ತದೆ. ಔಷಧಿ ಮಾತ್ರ ಬೇರೆ, ಅದೂ ಕೆಲವು ವಾರ. ಇಷ್ಟೆಲ್ಲ ನನಗೆ ಬಾಯಿಪಾಠವಿತ್ತು. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ವಾಪಸು ಬಂದು ಟೈಲರ ಮೇಲೆ ಹಾರಾಡಿದೆ. "ಏನೂ ಸಾಕಿಲ್ಲ ಅಂದ್ರಲ್ರೀ?"

"ನಾನ್ ಸಾಕಿಲ್ಲ ಡಾಕ್ಟ್ರೇ. ಆಡು ನಮ್ಮತ್ತೆದು. ಅದರ ಹಾಲಿನ ಬಾಬತ್ತಿಗೂ ನಾನ್ ಹೋಗಲ್ಲ, ಜಗಳ ಆಗ್ತದೆ."

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ನಗು ತಡೆಯಲು ಅವರು ಮಾಡುತ್ತಿದ್ದ ಉಪಾಯ ಅದು. "ಅವರನ್ನ ಯಾಕೆ ಬೈತೀಯಾ? ನೀನು ಕೇಳಿದ್ದು ತಾಲ್ಲೂಕಾಫೀಸಿನ ಗುಮಾಸ್ತನ ಪ್ರಶ್ನೆ. ಯಾರದು ಅಂತಲ್ಲ ಕಣಯ್ಯಾ, ಎಲ್ಲಿ ಕಟ್ತೀರಿ, ಯಾರು ಮುಟ್ತೀರಿ ಅಂತ ಕೇಳಬೇಕು."

ಸೋಮವಾರದ ಪ್ಲಾಸ್ಟರನ್ನು ಅವರೇ ಮುಂದೂಡಿಸಿದರು. ರಕ್ತ ಬೆಂಗಳೂರಿಗೆ ಹೋಯಿತು. ಎಂಟು ದಿನ ನಾನು ಟೈಲರ ಮಂಚದ ಕಡೆ ನೇರವಾಗಿ ನೋಡಲಿಲ್ಲ... ಒಂಬತ್ತನೆಯ ದಿನ ವರದಿ ಬಂತು. ಮುದುಕಿ ಹೇಳಿದ್ದನ್ನೇ ಅದು ಇಂಗ್ಲಿಷಿನಲ್ಲಿ ಹೇಳಿತ್ತು. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಶುರುವಾದವು. ನನ್ನ ಪತ್ರವನ್ನು ದೊಡ್ಡ ಡಾಕ್ಟರು ಎರಡು ತಿಂಗಳು ತಡಮಾಡಿ ಕೊಟ್ಟರು.

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಆ ದಿನ ನಾನು ಹಾಗಲವಾಡಿಯಲ್ಲಿ ಯಾರದೋ ಹಿತ್ತಲಲ್ಲಿ ನಿಂತಿದ್ದೆ. ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜ್ವರದ ವಾರ್ಡೂ ಈಗಿಲ್ಲ. ಸೋಂಕು ರೋಗಕ್ಕೆಂದೇ ಈಗ ಮೂರು ವರ್ಷದ ಕೋರ್ಸಿದೆ, ಪ್ರವೇಶ ಪರೀಕ್ಷೆಯಿದೆ. ಒಳ್ಳೆಯದೇ ಆಯಿತು. ಈ ವಯಸ್ಸಿನಲ್ಲಿ ನನ್ನ ತಪ್ಪಿಗೆ ಬೈಯುವವರು ಯಾರೂ ಉಳಿದಿಲ್ಲ, ಅದೊಂದು ಕೊರತೆ...

ಟೈಲರಿಗೆ ಪ್ಲಾಸ್ಟರ್ ಹಾಕಲಿಲ್ಲ. ಮೂರನೆಯ ತಿಂಗಳು ಅವರು ಅಂಗಡಿ ತೆರೆದರು.