ಚಾಕಣದ ಗುಡ್ಡದ ಮೇಲೆ ನಿಂತದ್ದು

ಆಕಾಶದಲ್ಲಿ ಹಾರುವ ತಟ್ಟೆ ಕಂಡಿತೆಂದು ಯಾರಾದರೂ ಹೇಳಿದರೆ, ಆ ಹೊತ್ತಿಗೆ ಯಾವ ವಿಮಾನ ಇಳಿಯಿತು ಎಂದು ಕೇಳುವವನು ನಾನು. ನಮ್ಮ ಮನೆ ಯೆರವಡಾದಲ್ಲಿ, ವಿಮಾನ ನಿಲ್ದಾಣದ ಹತ್ತಿರ. ವಿಮಾನಗಳು ನೆತ್ತಿಯ ಮೇಲೆಯೇ ಹಾದು ಹೋಗುತ್ತವೆ. ಆಕಾಶದ ದೀಪಗಳ ಬಗ್ಗೆ ಇಲ್ಲಿಯವರಿಗೆ ಕುತೂಹಲ ಉಳಿದಿರುವುದಿಲ್ಲ. ಇಂಥದ್ದನ್ನೆಲ್ಲ ನಂಬುವುದಿಲ್ಲವೆಂದು ಈಗಲೂ ಹೇಳಬೇಕೆನಿಸುತ್ತದೆ. ಹೇಳಲು ಬಾಯಿ ಬರುವುದಿಲ್ಲ.

ನಮ್ಮ ಕಟ್ಟಡದಲ್ಲಿ ಗುರುನಾಥರಾಯರಿದ್ದರು. ಗದಗ ಕಡೆಯವರು, ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ತಪಾಸಣೆ ಕೆಲಸ ಮಾಡಿ ನಿವೃತ್ತರಾದವರು. ಆಕಾಶದಲ್ಲಿ ವಿಚಿತ್ರವಾದದ್ದನ್ನು ಕಂಡವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ಅವರ ಹವ್ಯಾಸ. ಮಾರ್ಕೆಟ್ ಯಾರ್ಡಿನ ನನ್ನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ರಜೆಯಿದ್ದ ದಿನ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವುದು ನನ್ನ ಪಾಲಿಗೆ ಬಂದಿತ್ತು. ಯಾವ ದಿಕ್ಕು, ಸದ್ದಿತ್ತೇ, ಯಾವುದರ ಹಿಂದೆ ಮರೆಯಾಯಿತು ಎಂದು ಅವರು ಮರಾಠಿಯಲ್ಲಿ ನಿಧಾನವಾಗಿ ಕೇಳುವರು. ಯಾರ ಮಾತಿಗೂ ಅವರು ನಕ್ಕದ್ದನ್ನು ನಾನು ನೋಡಿಲ್ಲ. ಕೊನೆಗೆ ಹೆಚ್ಚಿನವು ಡ್ರೋನ್, ಉಪಗ್ರಹ, ಇಲ್ಲವೆ ಯಾವುದೋ ಮದುವೆಯವರು ಹಾರಿಬಿಟ್ಟ ದೀಪ ಎಂದಾಗುತ್ತಿತ್ತು. ತಮಗೆ ಒಮ್ಮೆಯೂ ಏನೂ ಕಾಣಲಿಲ್ಲವೆಂಬ ಕೊರಗು ಅವರಿಗೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಎದುರಿಗಿದ್ದವರ ಮುಖವೂ ಮಸಕಾಯಿತು. ಆದರೂ ತಿರುಗಾಟ ಬಿಡಲಿಲ್ಲ.

ಚಾಕಣದ ಆಚೆ, ಗುಡ್ಡದ ಬುಡದಲ್ಲಿ ಈರುಳ್ಳಿ ಬೆಳೆಯುವ ಹೆಂಗಸೊಬ್ಬಳು ಸಂಜೆ ಹೊತ್ತು ಏನೋ ಕಾಣುತ್ತದೆ ಎಂದಿದ್ದಳು. ಹೋದೆವು. ಮಾತು ಮುಗಿಸಿ ಅವಳು ಎಮ್ಮೆ ಕಟ್ಟಲು ಮನೆಯ ಹಿಂದಕ್ಕೆ ಹೋದಳು. ನಾವು ಹೊಲದ ಬದುವಿನ ಮೇಲೆ ಕುಳಿತೆವು. ಹೊತ್ತು ಮುಳುಗಿತ್ತು, ಆಕಾಶದಲ್ಲಿ ಬೆಳಕು ಇನ್ನೂ ಇತ್ತು.

ತಲೆಯೆತ್ತಿದಾಗ ಅದು ಅಲ್ಲಿತ್ತು. ಓರೆಯಾಗಿ ಹಿಡಿದ ಹಿತ್ತಾಳೆ ಮುಚ್ಚಳದಂತೆ, ಗುಡ್ಡದ ಮೇಲೆ ಅಲುಗದೆ ನಿಂತಿತ್ತು. ಸದ್ದಿಲ್ಲ. ನಾನು ಮಾತು ನಿಲ್ಲಿಸಿದ್ದು ರಾಯರಿಗೆ ತಿಳಿಯಿತು.

“ಏನಾತ್ರಿ?”

“ಗುಡ್ಡದ ಮ್ಯಾಲ ಏನೋ ನಿಂತದರಿ, ರಾಯರ.”

“ನನ್ನ ಮುಖ ಆ ಕಡೆ ಮಾಡ್ರಿ.”

ಭುಜ ಹಿಡಿದು ತಿರುಗಿಸಿದೆ. ಅವರು ಕಣ್ಣು ಕಿರಿದು ಮಾಡಿದರು, ಅಗಲಿಸಿದರು, ಕನ್ನಡಕ ತೆಗೆದು ನೋಡಿದರು. ಆಮೇಲೆ ಎಲ್ಲರನ್ನೂ ಕೇಳುತ್ತಿದ್ದಂತೆ ನನ್ನನ್ನೂ ಒಂದೊಂದಾಗಿ ಕೇಳತೊಡಗಿದರು. ಕಂಡದ್ದನ್ನು ಕಂಡಂತೆ ಹೇಳುತ್ತ ಹೋದೆ. ದೂರದಲ್ಲಿ ವಿಮಾನವೊಂದು ಅದರ ಮುಂದೆಯೇ ಹಾದು ಹೋಯಿತು. ಆ ಹೊಳಪಿನ ಮೇಲೆ ವಿಮಾನ ಸಣ್ಣ ಕಪ್ಪು ಕಲೆಯಾಗಿ ಕಂಡಿತು. ಅದನ್ನೂ ಹೇಳಿದೆ. ಫೋನ್ ತೆಗೆದು ಫೋಟೋ ಹೊಡೆದೆ. ಒಲೆಯ ಉರಿ ಸಣ್ಣ ಮಾಡಿದ ಹಾಗೆ ಅದು ಇದ್ದಲ್ಲಿಯೇ ಕಿರಿದಾಗಿ ಇಲ್ಲವಾಯಿತು. ಫೋಟೋದಲ್ಲಿ ಬರಿಯ ಆಕಾಶವಿತ್ತು. ನನ್ನ ಕೂಗು ಕೇಳಿ ಹೆಂಗಸು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಾಪಸ್ ಬರುವಾಗ ಚಹಾ ಕುಡಿಯಲು ನಿಂತೆವು. ರಾಯರು ಲೋಟ ಬರಿದು ಮಾಡಿ ಕೆಳಗಿಟ್ಟರು. ಆಮೇಲೆ ಕೇಳಿದರು: “ನನ್ನ ಸಮಾಧಾನಕ್ಕ ಹೇಳಿದ್ರೇನ್ರಿ?”

“ಇಲ್ರಿ. ಖರೇನ ಕಂಡತ್ರಿ.”

ಅವರು ತಡವರಿಸಿ ನನ್ನ ಕೈ ಹುಡುಕಿ ಹಿಡಿದುಕೊಂಡರು. “ಇರ್ಲಿ ಬಿಡ್ರಿ. ಭಾಳ ಛಲೋ ಹೇಳಿದ್ರಿ.”

ಮತ್ತೆಷ್ಟು ಆಣೆ ಮಾಡಿದರೂ ಆ ಮಾತು ಬದಲಾಗಲಿಲ್ಲ. ಎಂದೂ ನಂಬದಿದ್ದ ನಾನು ಒಮ್ಮೆಲೇ ಕಂಡೆನೆಂದರೆ, ಕರುಣೆಯಿಂದಲ್ಲದೆ ಇನ್ನೇತಕ್ಕೆ ಎಂದು ಅವರು ಅಂದುಕೊಂಡಿರಬೇಕು. ಹೋದ ವರ್ಷ ಅವರು ತೀರಿಕೊಂಡರು.

ಆ ಬದುವಿಗೆ ನಾನು ಹಲವು ಸಲ ಹೋಗಿದ್ದೇನೆ. ಮೋಡದ ಅಂಚಿಗೆ ಬಿದ್ದ ಬೆಳಕೇ, ಯಾರೋ ಹಾರಿಸಿದ ಬಲೂನೇ ಎಂದು ಲೆಕ್ಕ ಹಾಕಿದ್ದೇನೆ. ಯಾವುದೂ ಹೊಂದುವುದಿಲ್ಲ. ಅದೇನೆಂದು ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿಯದಿದ್ದರೂ ನಡೆಯುತ್ತಿತ್ತು. ಗುರುತಿಲ್ಲದವರ ಮಾತನ್ನೆಲ್ಲ ಅಷ್ಟು ತಾಳ್ಮೆಯಿಂದ ಕೇಳಿದ ಮನುಷ್ಯ, ನನ್ನದನ್ನು ಮಾತ್ರ ಒಳ್ಳೆಯ ಸುಳ್ಳೆಂದು ತಿಳಿದುಕೊಂಡೇ ಹೋಗಿಬಿಟ್ಟರು.